ಓದುಗರ ಪ್ರಶ್ನೆ: ಎಚ್‌ಐವಿ ಗುಣವಾಗುತ್ತದೆಯೇ, ತಡೆಯುವ ದಾರಿ ಎಲ್ಲಿಯವರೆಗೆ ಬಂದಿದೆ?

ಪ್ರಶ್ನೆ: ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ಕೆಲವರಿಗೆ ಎಚ್‌ಐವಿ ಪೂರ್ತಿ ವಾಸಿಯಾಗಿದೆ ಎಂದು ಓದಿದ್ದೇನೆ. ಎಲ್ಲರಿಗೂ ಅದನ್ನೇ ಏಕೆ ಮಾಡುವುದಿಲ್ಲ?

ಉತ್ತರ: ವಾಸಿಯಾಗಿರುವುದು ನಿಜ, ಆದರೆ ಅಂಥವರು ಬೆರಳೆಣಿಕೆಯಷ್ಟೇ. ಮೊದಲಿಗರು ಟಿಮೊಥಿ ರೇ ಬ್ರೌನ್. ರಕ್ತದ ಕ್ಯಾನ್ಸರ್ ಇದ್ದುದರಿಂದ ಬರ್ಲಿನ್‌ನಲ್ಲಿ 2007 ಮತ್ತು 2008ರಲ್ಲಿ ಎರಡು ಸಲ ಅವರಿಗೆ ಕಸಿ ಮಾಡಲಾಯಿತು. ಅವರ ದಾನಿಗೆ ಸಿಸಿಆರ್5 ಎಂಬ ಜೀನ್‌ನ ಎರಡೂ ಪ್ರತಿಗಳಲ್ಲಿ ಒಂದು ತುಣುಕು ಹುಟ್ಟಿನಿಂದಲೇ ಇರಲಿಲ್ಲ. ಹೆಚ್ಚಿನ ಎಚ್‌ಐವಿ ತಳಿಗಳು ಸಿಡಿ4 ಎಂಬ ರೋಗನಿರೋಧಕ ಕೋಶದೊಳಕ್ಕೆ ನುಗ್ಗಲು ಈ ಜೀನ್ ತಯಾರಿಸುವ ಸಿಸಿಆರ್5 ಪ್ರೋಟೀನನ್ನೇ ಹಿಡಿದುಕೊಳ್ಳುತ್ತವೆ. ಅದಿಲ್ಲದ ರಕ್ತಕೋಶಗಳು ದೇಹದಲ್ಲಿ ತುಂಬಿಕೊಂಡ ಮೇಲೆ ವೈರಸ್‌ಗೆ ಒಳಹೋಗಲು ದಾರಿ ಇಲ್ಲವಾಯಿತು.

ತೊಡಕು ಮೂರು. ಇಂಥ ದಾನಿಗಳು ಉತ್ತರ ಯುರೋಪ್ ಮೂಲದವರಲ್ಲೇ ನೂರಕ್ಕೆ ಒಬ್ಬರು, ಬೇರೆಡೆ ಇನ್ನೂ ಅಪರೂಪ. ದಾನಿ ಸಿಕ್ಕರೂ ಹೊಂದಾಣಿಕೆ ಆಗಬೇಕು. ಎಲ್ಲಕ್ಕಿಂತ ದೊಡ್ಡದು, ಕಸಿಯೇ ಪ್ರಾಣ ತೆಗೆಯಬಲ್ಲ ಚಿಕಿತ್ಸೆ. ದಿನಕ್ಕೊಂದು ಮಾತ್ರೆಯಲ್ಲಿ ಆರೋಗ್ಯವಾಗಿರುವವರನ್ನು ಆ ಅಪಾಯಕ್ಕೆ ಒಡ್ಡುವುದು ವೈದ್ಯರ ಕೆಲಸವಲ್ಲ. ಹೀಗೆ ವಾಸಿಯಾದವರೆಲ್ಲ ಕ್ಯಾನ್ಸರ್‌ನಂಥ ರಕ್ತದ ಕಾಯಿಲೆಗಾಗಿ ಹೇಗೂ ಕಸಿ ಬೇಕಿದ್ದವರು.

ನಿಜವಾದ ಗಂಟು ಇರುವುದು ಅಡಗಿದ ವೈರಸ್‌ನಲ್ಲಿ. ಎಚ್‌ಐವಿ ತನ್ನ ಜೀನ್‌ಗಳನ್ನು ಕೋಶದ ಡಿಎನ್‌ಎಯೊಳಕ್ಕೇ ಹೊಲಿದುಬಿಡುತ್ತದೆ. ಹಾಗೆ ಸೋಂಕಾದ ಕೆಲವು ಸಿಡಿ4 ನೆನಪಿನ ಕೋಶಗಳು ನಿದ್ದೆಗೆ ಜಾರುತ್ತವೆ. ಅವು ವೈರಸ್ ತಯಾರಿಸುವುದಿಲ್ಲ, ಹಾಗಾಗಿ ಔಷಧಕ್ಕೂ ರೋಗನಿರೋಧಕ ವ್ಯವಸ್ಥೆಗೂ ಕಾಣಿಸುವುದಿಲ್ಲ. ಮತ್ತೆ ಎದ್ದು ಹಬ್ಬಬಲ್ಲ ವೈರಸ್ ಇರುವುದು ವಿಶ್ರಾಂತಿಯಲ್ಲಿರುವ ಹತ್ತು ಲಕ್ಷ ಸಿಡಿ4 ಕೋಶಗಳಲ್ಲಿ ಸುಮಾರು ಒಂದರಲ್ಲಿ. ಆದರೆ ಈ ದಾಸ್ತಾನು ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಆ ಲೆಕ್ಕದಲ್ಲಿ ಮಾತ್ರೆ ನುಂಗುತ್ತಲೇ ಅದನ್ನು ಬರಿದು ಮಾಡಲು 70 ವರ್ಷವೂ ಸಾಲದು. ಸೋಂಕಿತ ಕೋಶ ತಾನು ಇಬ್ಭಾಗವಾದಾಗ ಒಳಗಿನ ವೈರಸ್ ಜೀನ್‌ಗಳೂ ನಕಲಾಗುತ್ತವೆ ಎಂಬುದು ಇನ್ನೊಂದು ತಲೆನೋವು.

ಮಲಗಿರುವ ವೈರಸನ್ನು ಎಬ್ಬಿಸಿ ಕೊಲ್ಲೋಣ ಎಂದು ವೊರಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧ ಕೊಟ್ಟು ನೋಡಿದರು. ವೈರಸ್ ಎದ್ದಿತು, ಕೋಶ ಮಾತ್ರ ಸಾಯಲಿಲ್ಲ. ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ವೈರಸ್ ಜೀನ್‌ಗಳನ್ನೇ ಕತ್ತರಿಸುವ ಇಬಿಟಿ-101 ಪ್ರಯೋಗದಲ್ಲೂ ಮಾತ್ರೆ ನಿಲ್ಲಿಸಿದವರಲ್ಲಿ ವೈರಸ್ ಮರಳಿತು. ಎಲ್ಲ ಅಡಗುತಾಣಗಳಿಗೂ ಕತ್ತರಿಯನ್ನು ತಲುಪಿಸುವುದೇ ಕಷ್ಟ. ಅಳತೆಯೂ ಸುಲಭವಲ್ಲ: ಕೋಶಗಳಲ್ಲಿ ಹುದುಗಿರುವ ವೈರಸ್ ಜೀನ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಕೆಟ್ಟುಹೋದ ನಕಲುಗಳು. ಸಾಮಾನ್ಯ ಪಿಸಿಆರ್ ಪರೀಕ್ಷೆ ಅವನ್ನೂ ಎಣಿಸಿಬಿಡುತ್ತದೆ. ಆದ್ದರಿಂದ ‘ಎಚ್‌ಐವಿಗೆ ಮದ್ದು ಸಿಕ್ಕಿತು’ ಎಂಬ ತಲೆಬರಹ ಕಂಡರೆ ಒಂದೇ ಒಂದು ವಿಷಯ ನೋಡಿ: ಮಾತ್ರೆ ನಿಲ್ಲಿಸಿ ಎಷ್ಟು ಕಾಲವಾಗಿದೆ?

ಪ್ರಶ್ನೆ: ಐದು ವರ್ಷದಿಂದ ನನ್ನ ವೈರಲ್ ಲೋಡ್ ‘ಪತ್ತೆಯಾಗಿಲ್ಲ’ ಎಂದೇ ಬರುತ್ತಿದೆ. ಮಾತ್ರೆ ಬಿಡಬಹುದೇ?

ಉತ್ತರ: ಬೇಡ. ಆ ವರದಿ ರಕ್ತದಲ್ಲಿ ಹರಿದಾಡುವ ವೈರಸ್‌ನ ಲೆಕ್ಕ, ಮೇಲೆ ಹೇಳಿದ ದಾಸ್ತಾನಿನದ್ದಲ್ಲ. ಮಾತ್ರೆ ಬಿಟ್ಟ ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಏರುತ್ತದೆ. ತಡವಾಗಿ ಮರಳಿದ ಉದಾಹರಣೆಗಳೂ ಇವೆ. ಹುಟ್ಟಿ 30 ಗಂಟೆಯಲ್ಲೇ ಔಷಧ ಆರಂಭಿಸಿದ್ದ ಮಿಸಿಸಿಪ್ಪಿಯ ಮಗುವಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಔಷಧವಿಲ್ಲದೆ ವೈರಸ್ ಕಾಣಿಸಲಿಲ್ಲ. 2014ರಲ್ಲಿ ಮರಳಿತು.

ಆದರೆ ನಿಮ್ಮ ವರದಿಯಲ್ಲಿ ಒಳ್ಳೆಯ ಸುದ್ದಿಯೂ ಇದೆ. ವೈರಲ್ ಲೋಡ್ ಹೀಗೆ ಹತೋಟಿಯಲ್ಲಿರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ. ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಜೋಡಿಗಳ ಮೇಲೆ ನಡೆದ ಪಾರ್ಟ್ನರ್ ಅಧ್ಯಯನಗಳಲ್ಲಿ ಕಾಂಡೋಮ್ ಇಲ್ಲದ ಸಾವಿರಾರು ಸಂಪರ್ಕಗಳ ನಂತರವೂ ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಂದು ಸೋಂಕೂ ದಾಟಿರಲಿಲ್ಲ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಎಚ್‌ಐವಿ ಲಸಿಕೆ ಬಂದಿದೆಯಂತೆ. ಎಷ್ಟು ನಂಬಬಹುದು?

ಉತ್ತರ: ನಂಬಬಹುದು, ಆದರೆ ಅದು ಲಸಿಕೆಯಲ್ಲ. ಹೆಸರು ಲೆನಕಾಪವಿರ್. ರೋಗನಿರೋಧಕ ಶಕ್ತಿಗೆ ಏನನ್ನೂ ಕಲಿಸುವುದಿಲ್ಲ. ವೈರಸ್‌ನ ಜೀನ್‌ಗಳನ್ನು ಸುತ್ತುವರಿದ ಕ್ಯಾಪ್ಸಿಡ್ ಎಂಬ ಚಿಪ್ಪಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ. ಔಷಧ ಮೈಯಲ್ಲಿದ್ದಷ್ಟು ದಿನ ಮಾತ್ರ ರಕ್ಷಣೆ. 2024ರಲ್ಲಿ ಹೊರಬಂದ ಪರ್ಪಸ್-1 ಪ್ರಯೋಗದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕಾಗಲಿಲ್ಲ. ಅದೇ ಪ್ರಯೋಗದಲ್ಲಿ ಎಚ್‌ಐವಿ ತಡೆಯುವ ಮಾತ್ರೆಯನ್ನು ದಿನವೂ ನುಂಗಬೇಕಿದ್ದ ಗುಂಪುಗಳಲ್ಲಿ ಸೋಂಕುಗಳಾದವು. ಮಾತ್ರೆ ಸೋತಿದ್ದಲ್ಲ, ರಕ್ತ ಪರೀಕ್ಷಿಸಿದಾಗ ಹೆಚ್ಚಿನವರು ಸರಿಯಾಗಿ ನುಂಗಿಯೇ ಇಲ್ಲ ಎಂದು ತಿಳಿಯಿತು.

ಕೊಡುವ ಕ್ರಮ ಹೀಗೆ. ಮೊದಲು ಎಚ್‌ಐವಿ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾಗಬೇಕು. ಮೊದಲ ದಿನ 1.5 ಮಿ.ಲೀ.ನ ಎರಡು ಚುಚ್ಚುಮದ್ದು, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ. ಜೊತೆಗೆ 300 ಮಿ.ಗ್ರಾಂ.ನ ಎರಡು ಮಾತ್ರೆ ಅಂದು, ಇನ್ನೆರಡು ಮಾರನೆಯ ದಿನ. ಈ ಮಾತ್ರೆಗಳನ್ನು ಬಿಡಬಾರದು: ಚರ್ಮದಡಿಯ ಔಷಧ ನಿಧಾನವಾಗಿ ಕರಗುವುದರಿಂದ ಆರಂಭದ ದಿನಗಳಲ್ಲಿ ರಕ್ತದಲ್ಲಿ ಅದರ ಮಟ್ಟ ಸಾಲದೆ ಹೋಗುತ್ತದೆ. ಚುಚ್ಚಿದಲ್ಲಿ ಗಂಟು ಕಟ್ಟುವುದು ಸಾಮಾನ್ಯ, ಅದು ಔಷಧದ ಶೇಖರವೇ. ಉಜ್ಜಬೇಡಿ. ಮುಂದಿನ ಡೋಸ್ 26 ವಾರಕ್ಕೆ, ಎರಡು ವಾರ ಹಿಂದುಮುಂದಾದರೆ ತೊಂದರೆಯಿಲ್ಲ. ಅದಕ್ಕಿಂತ ತಡವಾದರೆ ಮತ್ತೆ ಪರೀಕ್ಷೆ, ಮತ್ತೆ ಮಾತ್ರೆಗಳಿಂದ ಆರಂಭ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅದು ಈ ಔಷಧದ ಮಟ್ಟವನ್ನು ಇಳಿಸುತ್ತದೆ.

ನಡುವೆ ಬಿಟ್ಟವರಿಗೆ ಒಂದು ಎಚ್ಚರಿಕೆ. ಔಷಧದ ಅಂಶ ಒಂದು ವರ್ಷದವರೆಗೂ ಉಳಿಯುತ್ತದೆ, ಆದರೆ ತಡೆಯುವಷ್ಟಲ್ಲ. ಆಗ ಸೋಂಕಾದರೆ ವೈರಸ್ ಅದಕ್ಕೆ ಪಳಗಿ, ಔಷಧ ಅದರ ಮೇಲೆ ಕೆಲಸ ಮಾಡದೆ ಹೋಗಬಹುದು. ಹಾಗಾಗಿ ಅಪಾಯ ಉಳಿದಿದ್ದರೆ ದಿನದ ಮಾತ್ರೆಗೆ ಬದಲಾಯಿಸಿಕೊಂಡೇ ಬಿಡಬೇಕು.

ಪ್ರಶ್ನೆ: ಬೇರೆಯವರಿಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿಕೊಂಡರೆ ಎಷ್ಟು ದಿನದೊಳಗೆ ಔಷಧ ಆರಂಭಿಸಬೇಕು?

ಉತ್ತರ: ದಿನವಲ್ಲ, ಗಂಟೆ ಎಣಿಸಿ. ಗಡುವು 72 ಗಂಟೆ, ಆದರೆ ಮೊದಲ ಕೆಲವು ಗಂಟೆಗಳಲ್ಲೇ ಆರಂಭಿಸುವುದು ಒಳ್ಳೆಯದು. ವೈರಸ್ ದುಗ್ಧಗ್ರಂಥಿಗಳಿಗೆ ಹಬ್ಬುವ ಮುಂಚೆ ಔಷಧ ಅಲ್ಲಿರಬೇಕು. ಗಾಯವನ್ನು ಸೋಪು ನೀರಿನಿಂದ ತೊಳೆಯಿರಿ. ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ, ಔಷಧವಿಲ್ಲದೆಯೂ ಸೋಂಕಾಗುವುದು ಸಾವಿರಕ್ಕೆ ಸುಮಾರು ಮೂರು ಸಲ. ಗಾಬರಿ ಬೇಡ, ತಡವೂ ಬೇಡ.

ಕೋರ್ಸ್ 28 ದಿನ, ಸಾಮಾನ್ಯವಾಗಿ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ. ಎಡವುವುದು ಎರಡು ಕಡೆ. ಒಂದು, ಅರ್ಧಕ್ಕೇ ನಿಲ್ಲಿಸುವುದು. ಎರಡು, ಎದೆಯುರಿಗೆ ಆಂಟಾಸಿಡ್ ಸೇರಿಸಿ ನುಂಗುವುದು. ಅದರ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ಆಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಇರಲಿ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಅದಿದ್ದವರಲ್ಲಿ ಕೋರ್ಸ್ ಮುಗಿದಾಗ ಯಕೃತ್ತು ಉರಿಯೂತ ಕೆರಳಬಹುದು.

ಪ್ರಶ್ನೆ: ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಎಚ್‌ಐವಿಗೆ ಏಕಿಲ್ಲ?

ಉತ್ತರ: ಎಚ್‌ಐವಿಯ ಮೇಲ್ಮೈ ಮುಳ್ಳುಗಳು ಸಕ್ಕರೆ ಅಣುಗಳಿಂದ ಮುಚ್ಚಿಕೊಂಡಿವೆ, ಜೊತೆಗೆ ಸದಾ ಬದಲಾಗುತ್ತಿರುತ್ತವೆ. ಥಾಯ್ಲೆಂಡ್‌ನ 2009ರ ಆರ್‌ವಿ144 ಪ್ರಯೋಗದಲ್ಲಿ ಶೇ. 31ರಷ್ಟು ರಕ್ಷಣೆ ಕಂಡಿತ್ತು. ಅದನ್ನೇ ಹಿಗ್ಗಿಸಿ ದಕ್ಷಿಣ ಆಫ್ರಿಕಾದಲ್ಲಿ ನಡೆಸಿದ ಪ್ರಯೋಗವನ್ನು 2020ರಲ್ಲಿ ನಿಲ್ಲಿಸಬೇಕಾಯಿತು. ಮೊಸೈಕೊ ಎಂಬ ಇನ್ನೊಂದು ಲಸಿಕೆ ಪ್ರಯೋಗಕ್ಕೂ 2023ರಲ್ಲಿ ಅದೇ ಗತಿ.

ಈಗಿನ ದಾರಿ ಬೇರೆ. ಹಲವು ತಳಿಗಳನ್ನು ಒಟ್ಟಿಗೆ ಹಿಡಿಯಬಲ್ಲ ಪ್ರತಿಕಾಯ ತಯಾರಿಸುವ ಅಪರೂಪದ ಬಿ ಕೋಶಗಳನ್ನು ಒಂದು ಲಸಿಕೆಯಿಂದ ಎಬ್ಬಿಸಿ, ಮುಂದಿನ ಬೇರೆ ಬೇರೆ ಲಸಿಕೆಗಳಿಂದ ಹಂತಹಂತವಾಗಿ ತಿದ್ದುವುದು. ಮೊದಲ ಹೆಜ್ಜೆಯನ್ನು ಪರೀಕ್ಷಿಸಿದ ಜಿ001 ಪ್ರಯೋಗದಲ್ಲಿ 36 ಮಂದಿಯಲ್ಲಿ 35 ಮಂದಿಗೆ ಬೇಕಾದ ಕೋಶಗಳು ಎದ್ದವು. ಅವುಗಳನ್ನು ರಕ್ಷಣೆ ಕೊಡುವ ಪ್ರತಿಕಾಯದವರೆಗೆ ಕೊಂಡೊಯ್ಯುವ ಹೆಜ್ಜೆಗಳ ಮೇಲೆ ಕೆಲಸ ನಡೆದಿದೆ.