ಔಷಧ ತಿಂದದ್ದು ಕೋಳಿ, ಪ್ರತಿರೋಧ ಕಂಡದ್ದು ಮನೆಯವರಲ್ಲಿ: ಆ್ಯಂಟಿಬಯಾಟಿಕ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ ಕೋಳಿಗಳಿಗೆ ಆ್ಯಂಟಿಬಯಾಟಿಕ್ ತಿನ್ನಿಸಿ ನಡೆಸಿದ ಪ್ರಯೋಗದ ಬಗ್ಗೆ ಕೇಳಿದ್ದೇನೆ. ಕೋಳಿ ತಿಂದ ಔಷಧದಿಂದ ಮನುಷ್ಯರಿಗೆ ಏನಾದೀತು?

ಅದರ ಫಲಿತಾಂಶ ಪ್ರಕಟವಾದದ್ದು 1976ರಲ್ಲಿ. ಬೋಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಲೆವಿ ಮತ್ತು ಸಂಗಡಿಗರು ಒಂದು ಫಾರ್ಮಿನಲ್ಲಿ ಕೋಳಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೆರೆಸಿದ ಆಹಾರ, ಇನ್ನೊಂದಕ್ಕೆ ಔಷಧವಿಲ್ಲದ ಆಹಾರ. ಬೆರೆಸಿದ್ದು ಸೋಂಕು ವಾಸಿ ಮಾಡುವಷ್ಟಲ್ಲ. ಕೋಳಿ ಬೇಗ ತೂಕ ಬರಲೆಂದು ಆಗ ರೂಢಿಯಲ್ಲಿದ್ದ ಅಲ್ಪ ಪ್ರಮಾಣ. ಜೊತೆಗೆ ಫಾರ್ಮಿನಲ್ಲಿ ವಾಸವಿದ್ದ 11 ಜನರ ಮತ್ತು ಅಕ್ಕಪಕ್ಕದ 24 ಜನರ ಮಲದ ಮಾದರಿಗಳನ್ನು ವಾರವಾರ ಪರೀಕ್ಷಿಸುತ್ತಾ ಹೋದರು.

ಒಂದೇ ವಾರದಲ್ಲಿ ಆ ಕೋಳಿಗಳ ಕರುಳಿನಲ್ಲಿ ಉಳಿದದ್ದು ಬಹುಪಾಲು ಟೆಟ್ರಾಸೈಕ್ಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ. ಮನುಷ್ಯರಲ್ಲಿ ಬದಲಾವಣೆ ನಿಧಾನವಾಗಿ ಬಂತು, ಆದರೆ ಬಂತು. ಐದಾರು ತಿಂಗಳಾಗುವ ಹೊತ್ತಿಗೆ ಫಾರ್ಮಿನವರ ಮಾದರಿಗಳ ಪೈಕಿ ಶೇ 31.3ರಲ್ಲಿ, ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಶೇ 80ಕ್ಕಿಂತ ಹೆಚ್ಚು ಪ್ರತಿರೋಧಿಗಳೇ ಆಗಿದ್ದವು. ನೆರೆಯವರ ಮಾದರಿಗಳಲ್ಲಿ ಇಂಥವು ಶೇ 6.8 ಮಾತ್ರ. ಫಾರ್ಮಿನವರು ಆ ಔಷಧವನ್ನು ಮಾತ್ರೆಯಾಗಿ ನುಂಗಿರಲಿಲ್ಲ. ಕೋಳಿ ಮುಟ್ಟುವುದು, ಆಹಾರದ ಚೀಲ ಬಿಚ್ಚುವುದು, ಹಿಕ್ಕೆ ಬಳಿಯುವುದು, ಇಷ್ಟೇ ಸಾಕಾಯಿತು.

ನಮ್ಮ ದೃಷ್ಟಿಯಲ್ಲಿ ಈ ಪ್ರಯೋಗದ ತಿರುಳು ಇಲ್ಲಿದೆ. ರಕ್ತದೊತ್ತಡದ ಮಾತ್ರೆ ನುಂಗಿದವರ ಮೈಯಲ್ಲಷ್ಟೇ ಕೆಲಸ ಮಾಡುತ್ತದೆ. ಆ್ಯಂಟಿಬಯಾಟಿಕ್ ಹಾಗಲ್ಲ, ಅದನ್ನು ಮುಟ್ಟದವರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಬದುಕಬೇಕು ಎಂಬುದನ್ನೂ ಅದು ಬದಲಿಸಬಲ್ಲದು. ಮತ್ತು ‘ಸ್ವಲ್ಪವೇ ತಾನೆ’ ಎನ್ನುವಂತಿಲ್ಲ. ಅಲ್ಪ ಪ್ರಮಾಣದ ಔಷಧವೂ ಬಗ್ಗುವವನ್ನು ಹಿಂದಿಕ್ಕಿ, ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ.

ತೂಕ ಹೆಚ್ಚಿಸಲೆಂದು ಪಶು ಆಹಾರಕ್ಕೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ ಪೂರ್ತಿಯಾಗಿ ನಿಲ್ಲಿಸಿದ್ದು 2006ರಲ್ಲಿ, ಲೆವಿಯ ವರದಿ ಬಂದು 30 ವರ್ಷಗಳಾದ ಮೇಲೆ. ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳ ಇಂಥ ಬಳಕೆ ಅಮೆರಿಕದಲ್ಲಿ ನಿಂತದ್ದು 2017ರಲ್ಲಿ. ಇಷ್ಟು ತಡವಾಗಬಾರದಿತ್ತು.

ಪ್ರಶ್ನೆ: ಒಂದು ಔಷಧ ಬಳಸಿದರೆ ಬೇರೆ ಔಷಧಗಳಿಗೂ ಪ್ರತಿರೋಧ ಬರುವುದು ಹೇಗೆ?

ಅದೇ ಕೋಳಿಗಳಲ್ಲಿ ಕೆಲವೇ ತಿಂಗಳಲ್ಲಿ, ಅವು ತಿಂದೇ ಇರದ ಔಷಧಗಳಿಗೂ ಬಗ್ಗದ ಬ್ಯಾಕ್ಟೀರಿಯಾ ಕಾಣಿಸಿಕೊಂಡವು. ಕಾರಣ ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮೂಲ ವರ್ಣತಂತುವಿನಿಂದ ಬೇರೆಯಾಗಿರುವ ಈ ಪುಟ್ಟ ಡಿಎನ್‌ಎ ಉಂಗುರದಲ್ಲಿ ಮೂರ್ನಾಲ್ಕು ಪ್ರತಿರೋಧ ಜೀನ್‌ಗಳು ಒಟ್ಟಿಗೇ ಇರಬಹುದು. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡಾಗ ಇಡೀ ಉಂಗುರದ ಪ್ರತಿ ಇನ್ನೊಂದಕ್ಕೆ ಹೋಗುತ್ತದೆ. ಟೆಟ್ರಾಸೈಕ್ಲಿನ್ ಕೊಟ್ಟು ಆ ಒಂದು ಜೀನ್ ಇರುವವನ್ನು ಉಳಿಸಿದರೆ, ಜೊತೆಗಿರುವ ಆಂಪಿಸಿಲಿನ್, ಸ್ಟ್ರೆಪ್ಟೊಮೈಸಿನ್ ಪ್ರತಿರೋಧದ ಜೀನ್‌ಗಳೂ ಉಳಿಯುತ್ತವೆ. ಹಾಗಾಗಿಯೇ ಒಂದು ಔಷಧ ನಿಲ್ಲಿಸಿದ ಮಾತ್ರಕ್ಕೆ ಅದರ ಪ್ರತಿರೋಧ ಹೋಗುತ್ತದೆಂಬ ಖಾತ್ರಿಯಿಲ್ಲ. ಅದೇ ಉಂಗುರದ ಇನ್ನೊಂದು ಜೀನಿಗೆ ಸಂಬಂಧಿಸಿದ ಔಷಧ ಬಳಕೆಯಲ್ಲಿದ್ದರೆ ಎಲ್ಲವೂ ಉಳಿದುಕೊಳ್ಳುತ್ತವೆ.

1980ರಲ್ಲಿ ಲೆವಿಯ ತಂಡ ಇನ್ನೊಂದು ಸಂಗತಿ ತೋರಿಸಿತು. ಹಲವು ಟೆಟ್ರಾಸೈಕ್ಲಿನ್ ಪ್ರತಿರೋಧಿಗಳು ಔಷಧವನ್ನು ನಾಶಮಾಡುವುದಿಲ್ಲ, ಹೊರಕ್ಕೆ ಪಂಪ್ ಮಾಡುತ್ತವೆ. ಈ ಔಷಧ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯುವುದು, ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಅಂಟಿ ಕೆಲಸ ನಿಲ್ಲಿಸುವುದರಿಂದ. ಕೋಶದ ಪೊರೆಯಲ್ಲಿ ಕೂತ ಪಂಪ್, ಔಷಧ ಅಲ್ಲಿ ಸಾಕಷ್ಟು ಸೇರುವ ಮೊದಲೇ ಅದನ್ನು ಎತ್ತಿ ಹಾಕುತ್ತದೆ. ಔಷಧ ಇಲ್ಲದಾಗ ಪಂಪಿನ ಜೀನ್ ಮುಚ್ಚಿರುತ್ತದೆ, ಔಷಧ ಒಳಬಂದಾಗಲೇ ತೆರೆಯುತ್ತದೆ. ಒಂದೇ ಪಂಪ್ ಹಲವು ಬಗೆಯ ಔಷಧಗಳನ್ನು ಹೊರದೂಡುವ ಬ್ಯಾಕ್ಟೀರಿಯಾಗಳೂ ಇವೆ.

ಪ್ರಶ್ನೆ: ಜ್ವರ ಬಿಟ್ಟ ಮೇಲೂ ಮಾತ್ರೆ ಮುಗಿಸಲೇಬೇಕೆ? ಉಳಿದದ್ದನ್ನು ಇಟ್ಟುಕೊಳ್ಳಬಹುದೆ?

ವೈದ್ಯರು ಹೇಳಿದಷ್ಟು ದಿನ ನುಂಗಿ, ನೀವಾಗಿಯೇ ನಿಲ್ಲಿಸಬೇಡಿ. ಹಾಗೆಂದು ಹೆಚ್ಚು ದಿನ ನುಂಗಿದಷ್ಟೂ ಪ್ರತಿರೋಧ ಕಡಿಮೆ ಎಂಬ ನಂಬಿಕೆ ತಪ್ಪು. ಔಷಧ ಇರುವಷ್ಟು ದಿನವೂ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳಲ್ಲಿ ಪ್ರತಿರೋಧಿಗಳ ಆಯ್ಕೆ ನಡೆದೇ ಇರುತ್ತದೆ. ಮೊದಲು 10 ದಿನ ಕೊಡುತ್ತಿದ್ದ ಹಲವು ಸೋಂಕುಗಳಿಗೆ ಈಗ 5 ದಿನ ಸಾಕೆಂದು ಪರೀಕ್ಷೆಗಳಲ್ಲಿ ಕಂಡಿದೆ. ಆದ್ದರಿಂದ ಚೀಟಿ ಬರೆಸಿಕೊಳ್ಳುವಾಗಲೇ ಕೇಳಿ: ‘ಎಷ್ಟು ದಿನ? ಬೇಗ ವಾಸಿಯಾದರೆ ನಿಲ್ಲಿಸಬಹುದೆ?’

ಕ್ಷಯದ ಮಾತೇ ಬೇರೆ. ಅದರ ರೋಗಾಣು ನಿಧಾನವಾಗಿ ಬೆಳೆಯುತ್ತದೆ, ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಇರುತ್ತದೆ. ಯಾವುದೇ ಒಂದು ಔಷಧಕ್ಕೆ ಬಗ್ಗದ ಕೆಲವು ಮೊದಲೇ ಅದರಲ್ಲಿರುತ್ತವೆ. ಒಂದೇ ಔಷಧ ಕೊಟ್ಟರೆ ಅವೇ ಬೆಳೆಯುತ್ತವೆ. ಆದ್ದರಿಂದಲೇ ಹಲವು ಔಷಧ ಒಟ್ಟಿಗೆ, ತಿಂಗಳುಗಟ್ಟಲೆ. ಅಲ್ಲಿ ಒಂದು ವಾರ ಬಿಡುವುದೂ ಅಪಾಯ.

ಡೋಸ್ ಮರೆತರೆ ನೆನಪಾದಾಗ ನುಂಗಿ; ಮುಂದಿನ ಡೋಸ್ ಹತ್ತಿರವಿದ್ದರೆ ಮರೆತದ್ದನ್ನು ಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಬಳಸುವಾಗ ಆಗುವ ತಪ್ಪೊಂದಿದೆ: ಅವುಗಳ ಜೊತೆಗೇ ಆಂಟಾಸಿಡ್, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ನುಂಗುವುದು. ಲೋಹದ ಅಂಶ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ರಕ್ತಕ್ಕೆ ಸೇರಬೇಕಾದಷ್ಟು ಸೇರುವುದಿಲ್ಲ. ಆ್ಯಂಟಿಬಯಾಟಿಕ್ ಮೊದಲು ನುಂಗಿ, ಕನಿಷ್ಠ 2 ಗಂಟೆ ಬಿಟ್ಟು ಉಳಿದವನ್ನು ತೆಗೆದುಕೊಳ್ಳಿ.

ಉಳಿದ ಮಾತ್ರೆ ಇಟ್ಟುಕೊಳ್ಳಬೇಡಿ, ಬೇರೆಯವರಿಗೂ ಕೊಡಬೇಡಿ. ನೆಗಡಿ, ಫ್ಲೂ ವೈರಸ್‌ನಿಂದ ಬರುವಂಥವು. ಅವಕ್ಕೆ ಇದು ನಾಟುವುದೇ ಇಲ್ಲ.

ಪ್ರಶ್ನೆ: ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ಔಷಧಗಳ ಮುಂದೆ ಎಸ್, ಐ, ಆರ್ ಎಂದಿದೆ, ಸಂಖ್ಯೆಗಳೂ ಇವೆ. ಅತಿ ಚಿಕ್ಕ ಸಂಖ್ಯೆ ಇರುವುದೇ ಒಳ್ಳೆಯ ಔಷಧವೆ?

ಅಲ್ಲ. ಆ ಸಂಖ್ಯೆ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ, ಒಂದು ಮಿಲಿಲೀಟರ್‌ಗೆ ಎಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕ. ಒಂದೊಂದು ಔಷಧ ಮೈಯಲ್ಲಿ ಒಂದೊಂದು ಮಟ್ಟಕ್ಕೆ ಸೇರುವುದರಿಂದ, ಒಂದರ 8 ಇನ್ನೊಂದರ 1ಕ್ಕಿಂತ ಉತ್ತಮವಿರಬಹುದು. ಎಸ್ ಎಂದರೆ ಮಾಮೂಲು ಡೋಸಿಗೆ ಬಗ್ಗುತ್ತದೆ. ಆರ್ ಎಂದರೆ ಆ ಔಷಧ ಫಲಿಸುವ ಸಂಭವ ಕಡಿಮೆ. ಐ ಅಕ್ಷರದ ಅರ್ಥ ಪ್ರಯೋಗಾಲಯ ಅನುಸರಿಸುವ ಮಾನದಂಡಕ್ಕೆ ತಕ್ಕಂತೆ ಬದಲಾಗುತ್ತದೆ. ಹೆಚ್ಚಿನ ಡೋಸ್ ಕೊಟ್ಟರೆ ಫಲಿಸಬಹುದು ಎಂಬುದು ಒಂದು ಅರ್ಥ.

ಎಸ್, ಐ, ಆರ್ ನಿರ್ಧರಿಸುವ ಒಂದು ಬಗೆಯಾದ ಡಿಸ್ಕ್ ವಿಧಾನದಲ್ಲಿ 4 ಮಿ.ಮೀ. ದಪ್ಪದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, ಔಷಧದ ಬಿಲ್ಲೆಯಿಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಇಟ್ಟು, ಸುತ್ತ ಬೆಳೆಯದೆ ಉಳಿದ ವೃತ್ತವನ್ನು ಅಳೆಯುತ್ತಾರೆ. ಅಗರ್ ದಪ್ಪವಾದರೆ ಅಥವಾ ಬ್ಯಾಕ್ಟೀರಿಯಾ ಹೆಚ್ಚು ಹಚ್ಚಿದರೆ ವೃತ್ತ ಕುಗ್ಗಿ, ಬಗ್ಗುವ ಬ್ಯಾಕ್ಟೀರಿಯಾವೂ ಪ್ರತಿರೋಧಿಯಂತೆ ಕಾಣುತ್ತದೆ. ತೆಳುವಾದರೆ ತದ್ವಿರುದ್ಧ, ಅದು ಇನ್ನೂ ಅಪಾಯಕಾರಿ.

ನಿಮ್ಮ ಕೈಯಲ್ಲಿರುವುದು ಮಾದರಿ ಕೊಡುವ ಕ್ರಮ. ಆ್ಯಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆಯೇ ಕೊಡಿ. ಮೊದಲ ಹನಿಗಳನ್ನು ಬಿಟ್ಟು, ನಡುವಿನ ಮೂತ್ರವನ್ನು ಪ್ರಯೋಗಾಲಯ ಕೊಟ್ಟ ಕ್ರಿಮಿರಹಿತ ಡಬ್ಬಿಯಲ್ಲಿ ಹಿಡಿಯಿರಿ, ಒಳಭಾಗ ಮುಟ್ಟಬೇಡಿ. ತಕ್ಷಣ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಿ. ಹೊರಗೇ ಬಿಟ್ಟರೆ ಚರ್ಮದಿಂದ ಬಂದ ಬ್ಯಾಕ್ಟೀರಿಯಾ ಬೆಳೆದು, ಇಲ್ಲದ ಸೋಂಕಿಗೆ ಔಷಧ ನುಂಗಬೇಕಾದೀತು.