ಹುಲ್ಲು ಹಾಸುವ ಮೊದಲು ನೆಲ ಹದವಾಗಲಿ

ಪ್ರಶ್ನೆ: ಕೋಲಾರದ ಹೊರವಲಯದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮುಂದಿನ 600 ಚದರ ಅಡಿ ಜಾಗದಲ್ಲಿ ಹುಲ್ಲುಹಾಸು ಮಾಡಿಸುವ ಆಸೆಯಿದೆ. ಈಗಿರುವ ನೆಲದ ಮೇಲೆಯೇ ಎರಡು ಅಂಗುಲ ಕೆಮ್ಮಣ್ಣು ಹರಡಿ ಮೆಕ್ಸಿಕನ್ ಕಾರ್ಪೆಟ್ ಹುಲ್ಲಿನ ತುಂಡುಗಳನ್ನು ಕೂರಿಸಿದರೆ ಸಾಕೆಂದು ಕೆಲಸದವರು ಹೇಳುತ್ತಾರೆ. ವೈಶಾಖದಲ್ಲಿ ಗೃಹಪ್ರವೇಶವಿದ್ದು, ಅಷ್ಟರಲ್ಲಿ ಹಸಿರು ಕಾಣಬೇಕೆಂಬುದು ಮನೆಯವರ ಇಚ್ಛೆ. ಹೀಗೆ ಮಾಡಬಹುದೇ?
– ಓದುಗರೊಬ್ಬರು, ಕೋಲಾರ

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ. ಕಟ್ಟಡದ ಕೆಲಸ ನಡೆದ ಜಾಗದಲ್ಲಿ ಜಲ್ಲಿ, ಗಾರೆಯ ಚೂರು, ಸಿಮೆಂಟಿನ ಬಗ್ಗಡ ಸೇರಿಕೊಂಡು ಮಣ್ಣಿನ ಕ್ಷಾರ ಹೆಚ್ಚಿರುತ್ತದೆ. ಲಾರಿಗಳು ಓಡಾಡಿ ನೆಲ ಗಟ್ಟಿಯಾಗಿರುತ್ತದೆ. ಕಾರ್ಪೆಟ್ ಹುಲ್ಲಿನ ತುಂಡಿನೊಂದಿಗೆ ಬರುವುದು ಹೆಚ್ಚೆಂದರೆ ಒಂದು ಅಂಗುಲ ಮಣ್ಣು ಮತ್ತು ಕತ್ತರಿಸಿದ ಬೇರು. ಆ ಬೇರಿಗೆ ಕೆಳಗಿಳಿಯಲು ದಾರಿ ಸಿಗದಿದ್ದರೆ, ನೀರು ಹಾಯಿಸುವವರೆಗೆ ಹಸಿರಾಗಿ ಕಂಡ ಹುಲ್ಲು ಒಂದೆರಡು ದಿನ ನೀರು ತಪ್ಪಿದರೂ ಒಣಗಿ ಸುತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲು ಆರರಿಂದ ಎಂಟು ಅಂಗುಲ ಆಳಕ್ಕೆ ಅಗೆಸಿ, ಕಲ್ಲು ಮತ್ತು ಗಾರೆಯನ್ನು ಆರಿಸಿ ಹೊರಹಾಕಿಸಿ. ಅಗೆದ ನೆಲಕ್ಕೆ ನೀರು ಚಿಮುಕಿಸಿ ಎರಡು ಮೂರು ವಾರ ಸುಮ್ಮನೆ ಬಿಡುವುದು ಬಹಳ ಮುಖ್ಯವಾದ ಹಂತ. ಆತುರದಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಮಣ್ಣಿನಲ್ಲಿ ಅಡಗಿದ್ದ ಪಾರ್ಥೇನಿಯಂ ಬೀಜ ಮತ್ತು ತುಂಗೆಗಡ್ಡೆ ಆಗ ಮೊಳೆತು ಕಣ್ಣಿಗೆ ಬೀಳುತ್ತವೆ. ತುಂಗೆಯನ್ನು ಗಡ್ಡೆಯ ಸಮೇತ ಕಿತ್ತು, ಮತ್ತೊಮ್ಮೆ ನೀರುಣಿಸಿ, ಮತ್ತೆ ಚಿಗುರಿದ್ದನ್ನೂ ಕೀಳಿಸಬೇಕು. ಹುಲ್ಲು ಹಾಸಿದ ಮೇಲೆ ಅದರ ನಡುವಿನಿಂದ ತುಂಗೆಯನ್ನು ತೆಗೆಯುವುದು ಅಸಾಧ್ಯವೆಂಬಷ್ಟು ಕಷ್ಟ.

ಬಳಿಕ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಎರಡು ಅಂಗುಲ ದಪ್ಪ ಹರಡಿ ಮಣ್ಣಿಗೆ ಬೆರೆಸಿ. 600 ಚದರ ಅಡಿಗೆ ಇದು 100 ಘನ ಅಡಿಯಾಗುತ್ತದೆ. ಹಸಿ ಸಗಣಿಯಾಗಲಿ ಅರೆಬರೆ ಕಳಿತ ತಿಪ್ಪೆಯಾಗಲಿ ಬೇಡ. ಗೊಣ್ಣೆಹುಳು ಮತ್ತು ಗೆದ್ದಲು ಅದರ ಜೊತೆಯಲ್ಲೇ ಬರುತ್ತವೆ. ನಮ್ಮ ಕಡೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಸುವ ರೂಢಿಯಿದೆ. ಹೊಲಕ್ಕೆ ಅದು ಒಳ್ಳೆಯದೇ ಆದರೂ ಹುಲ್ಲುಹಾಸಿನ ಮೇಲ್ಪದರಕ್ಕೆ ನಾನು ಸೂಚಿಸುವುದಿಲ್ಲ, ಏಕೆಂದರೆ ಅದು ಒಣಗಿದಾಗ ಬಿರಿಯುತ್ತದೆ ಮತ್ತು ಕಳೆಬೀಜವನ್ನೂ ಹೊತ್ತು ತರುತ್ತದೆ. ಕೊನೆಗೆ, ಮನೆಯಿಂದ ಆಚೆಗೆ ಪ್ರತಿ ಹತ್ತು ಅಡಿಗೆ ಎರಡು ಅಂಗುಲ ಇಳಿಜಾರು ಬರುವಂತೆ ಮಟ್ಟಮಾಡಿಸಿ, ನಡೆಯುವ ದಾರಿಗಿಂತ ಒಂದು ಅಂಗುಲ ತಗ್ಗಿನಲ್ಲಿರಲಿ.

ತುಂಡುಗಳನ್ನು ಕಿತ್ತ ದಿನವೇ ಹಾಸುವುದು ಕ್ಷೇಮ. ಒದ್ದೆಮಾಡಿದ ನೆಲದ ಮೇಲೆ ಹಗ್ಗ ಕಟ್ಟಿ ನೇರವಾಗಿ ಮೊದಲ ಸಾಲು ಇಟ್ಟು, ಗೋಡೆಯ ಇಟ್ಟಿಗೆಯಂತೆ ಸಂದುಗಳು ಒಂದರ ಎದುರು ಒಂದು ಬಾರದ ಹಾಗೆ ಮುಂದಿನ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬೇಕು. ಹಲಗೆಯಿಂದ ತಟ್ಟಿ, ಸಂದುಗಳಿಗೆ ಜರಡಿ ಹಿಡಿದ ಮಣ್ಣು ತುಂಬಿ, ಕೂಡಲೇ ಕೆಳಗಿನ ಮಣ್ಣು ನೆನೆಯುವಷ್ಟು ನೀರು ಕೊಡಿ. ಎರಡು ಮೂರು ವಾರಗಳ ನಂತರ ಅಂಚು ಹಿಡಿದು ಮೆಲ್ಲನೆ ಎತ್ತಿದಾಗ ಏಳದಿದ್ದರೆ ಬೇರು ಹಿಡಿದಿದೆಯೆಂದು ತಿಳಿಯಿರಿ.

ಇನ್ನು ನೀರಿನ ವಿಷಯ. ದಿನಕ್ಕೆ ಐದು ಮಿಲಿಮೀಟರ್ ಎಂದರೂ 600 ಚದರ ಅಡಿಗೆ ಸುಮಾರು 280 ಲೀಟರ್ ಬೇಕು. ಜೀವನದಿಯಿಲ್ಲದ, ಕೊಳವೆಬಾವಿಗಳನ್ನೇ ನಂಬಿರುವ ಜಿಲ್ಲೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಕುಳಿತುಕೊಳ್ಳುವ 200 ಚದರ ಅಡಿಗಷ್ಟೇ ಹುಲ್ಲು ಸಾಕೆಂದು ನನ್ನ ಅಭಿಪ್ರಾಯ. ಬಿಸಿಲು ಚೆನ್ನಾಗಿ ಬೀಳುವ ಜಾಗವಾದರೆ ಗರಿಕೆ ಜಾತಿಯ ಹುಲ್ಲನ್ನೂ ಯೋಚಿಸಿ. ಮೇಲಿಂದ ಮೇಲೆ ಕತ್ತರಿಸಬೇಕಾದರೂ ಅದು ಬರವನ್ನು ತಾಳಿಕೊಂಡು ಮಳೆ ಬಿದ್ದೊಡನೆ ಚಿಗುರುತ್ತದೆ.

ಗೃಹಪ್ರವೇಶಕ್ಕೆ ಹೇಗೂ ಶಾಮಿಯಾನ ಹಾಕುತ್ತೀರಿ, ನೂರಾರು ಜನ ಓಡಾಡುತ್ತಾರೆ. ಬೇರು ಹಿಡಿಯದ ಹೊಸ ಹುಲ್ಲಿಗೆ ಎರಡೂ ಮಾರಕ. ಆ ದಿನಕ್ಕೆ ಮಟ್ಟಮಾಡಿದ ನೆಲವೇ ಇರಲಿ. ಸಮಾರಂಭ ಮುಗಿದ ಮೇಲೆ ಅಗೆಸಿ, ಮುಂಗಾರಿಗೆ ಮುಂಚಿನ ಮಳೆಗೆ ಮೊಳೆತ ಕಳೆಯನ್ನು ಕೀಳಿಸಿ, ಜುಲೈ ಹೊತ್ತಿಗೆ ಹಾಸಿಸಿ.

ಪ್ರಶ್ನೆ: ಚಿಂತಾಮಣಿಯ ನಮ್ಮ ಮನೆಯಂಗಳದ ದೊಡ್ಡ ಮಾವಿನ ಮರದ ಕೆಳಗೆ ಮೆಕ್ಸಿಕನ್ ಹುಲ್ಲು ಬರುವುದೇ?

ಉತ್ತರ: ಬರುವುದಿಲ್ಲ. ಅದಕ್ಕೆ ದಿನಕ್ಕೆ ಐದಾರು ತಾಸಾದರೂ ನೇರ ಬಿಸಿಲು ಬೇಕು. ಮರದ ಅಂಚಿನ ಅರೆನೆರಳಿನಲ್ಲಿ ಬಫೆಲೊ ಹುಲ್ಲು ಹಾಕಿ ನೋಡಬಹುದು. ಬುಡದ ಸುತ್ತ ಮಾವಿನ ತರಗೆಲೆಯನ್ನೇ ಹರಡಿಬಿಡಿ. ತೇವ ಉಳಿದು ಮರಕ್ಕೂ ಅನುಕೂಲವಾಗುತ್ತದೆ.