ಮೋಡವಿದ್ದ ಕಡೆ ನಕ್ಷೆ ಬೂದುಬಣ್ಣವಾಗಿಯೇ ಇರಲಿ

ಶಿರಸಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರೊಬ್ಬರು ಬರೆದಿದ್ದಾರೆ: ‘ಚಂದ್ರನ ಮೇಲೆ ನೌಕೆ ಇಳಿಸುವ ಕಾಲದಲ್ಲಿ, ಹೊಗೆ-ದೂಳಿನ ಕಣಗಳು ಮೋಡಗಳನ್ನು ಎಷ್ಟು ಬದಲಿಸುತ್ತವೆ ಎಂದು ಕೇಳಿದರೆ ವಿಜ್ಞಾನಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುತ್ತಾರೆ. ಉಪಗ್ರಹದ ಬಣ್ಣದ ನಕ್ಷೆಗಳನ್ನು ನೀವೇ ಪ್ರತಿ ತಿಂಗಳು ಅಚ್ಚು ಹಾಕಿ, ಓದುಗರು ನೋಡಿ ತೀರ್ಮಾನಿಸಲಿ.’

ಮಾನ್ಯರೇ, ಮೂವತ್ತು ವರ್ಷ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ‘ರೀಡಿಂಗ್ ಜೊತೆಗೆ ದೋಷವನ್ನೂ ಬರೆಯಿರಿ’ ಎಂದು ಹೇಳಿಕೊಟ್ಟವರಿಂದಲೇ ಈ ಪತ್ರ ಬಂದಿತೆಂದು ನನಗೆ ತುಸು ಸಂಕಟವಾಯಿತು. ಉಪಗ್ರಹಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಸಾಗರದ ಮೇಲಿನ ಮೋಡಗಳಲ್ಲಿ ಹಡಗುಗಳ ಹೊಗೆ ಎಳೆದ ಬಿಳಿ ಗೆರೆಗಳು 1960ರ ದಶಕದ ಉಪಗ್ರಹ ಚಿತ್ರಗಳಲ್ಲೇ ಕಾಣಿಸಿದ್ದವು. ಅಷ್ಟೇ ನೀರು ಹೆಚ್ಚು ಕಣಗಳಿಗೆ ಹಂಚಿಹೋದರೆ ಹನಿಗಳು ಚಿಕ್ಕವಾಗುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ, ಮೋಡ ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಎಂದು ವಾತಾವರಣ ವಿಜ್ಞಾನಿ ಶಾನ್ ಟೂಮಿ 1970ರ ದಶಕದಲ್ಲಿ ತೋರಿಸಿದರು. ಇಷ್ಟರಲ್ಲಿ ಜಗಳವಿಲ್ಲ. ಜಗಳವಿರುವುದು ‘ಎಷ್ಟು’ ಎಂಬುದರಲ್ಲಿ.

ನಾಸಾದ ಟೆರಾ ಮತ್ತು ಆಕ್ವಾ ಉಪಗ್ರಹಗಳ ಮೇಲಿರುವ ಮೋಡಿಸ್ ಉಪಕರಣವು ಕಣಗಳನ್ನು ಅಳೆಯುವುದು ಆಕಾಶ ತಿಳಿಯಾಗಿರುವ ಕಡೆ. ಹನಿಗಳ ಗಾತ್ರವನ್ನು ಅಂದಾಜಿಸುವುದು ಮೋಡವಿರುವ ಕಡೆ. ಒಂದೇ ಜಾಗದಲ್ಲಿ ಎರಡನ್ನೂ ಅಳೆಯಲು ಅದಕ್ಕೆ ಬರುವುದಿಲ್ಲ. ಹಾಗಾಗಿ ಮೋಡದ ಪಕ್ಕದ ಗಾಳಿಯನ್ನು ನೋಡಿ ಮೋಡದ ಅಡಿಯ ಗಾಳಿಯೂ ಹೀಗೆಯೇ ಇರಬೇಕೆಂದು ಊಹಿಸಬೇಕಾಗುತ್ತದೆ. ಆ ಪಕ್ಕದ ಗಾಳಿಯೂ ನಂಬಿಕಸ್ಥವಲ್ಲ: ಮೋಡದ ಹತ್ತಿರದ ತೇವಾಂಶಕ್ಕೆ ಕಣಗಳು ಉಬ್ಬಿಕೊಳ್ಳುತ್ತವೆ, ಮೋಡದಂಚಿನಿಂದ ಚದುರಿದ ಬೆಳಕು ಅಲ್ಲಿನ ಗಾಳಿಯನ್ನು ಇರುವುದಕ್ಕಿಂತ ಹೆಚ್ಚು ಕಲುಷಿತವೆಂದು ತೋರಿಸುತ್ತದೆ. ಮಳೆ ಬಂದರೆ ಕಣಗಳೇ ತೊಳೆದುಹೋಗುತ್ತವೆ. ಆಗ ಕಣ ಕಡಿಮೆಯಾದ್ದರಿಂದ ಮಳೆ ಬಂತೋ, ಮಳೆ ಬಂದದ್ದರಿಂದ ಕಣ ಕಡಿಮೆಯಾಯಿತೋ, ಮೇಲಿನಿಂದ ತೆಗೆದ ಚಿತ್ರ ಹೇಳಲಾರದು. 2006ರಿಂದ 2023ರವರೆಗೆ ಕೆಲಸ ಮಾಡಿದ ಕ್ಯಾಲಿಪ್ಸೊ ಉಪಗ್ರಹದ ಲೈಡಾರ್ (ಲೇಸರ್ ಬೆಳಕು ಬಿಟ್ಟು ಅಳೆಯುವ ಉಪಕರಣ) ಕಣಗಳು ಯಾವ ಎತ್ತರದಲ್ಲಿವೆ ಎಂದು ತೋರಿಸಿತು ನಿಜ. ಆದರೆ ಅದು ನೋಡಿದ್ದು ತಾನು ಹಾದುಹೋದ ಒಂದು ಸಣ್ಣ ಗೆರೆಯನ್ನು, ಮತ್ತು ದಟ್ಟ ಮೋಡದೊಳಗೆ ಅದರ ಬೆಳಕೂ ಸೋತುಹೋಗುತ್ತಿತ್ತು.

ನಮ್ಮದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಆಷಾಢದ ಸಂಚಿಕೆಗೆ ಇಂಥದೇ ನಕ್ಷೆ ಬಂದಿತ್ತು. ಪಶ್ಚಿಮ ಘಟ್ಟದುದ್ದಕ್ಕೂ ಬೂದುಬಣ್ಣ. ಪುಟ ಕಟ್ಟುವ ಹುಡುಗ ಅದು ಮಂಕಾಗಿ ಕಾಣುತ್ತದೆಂದು ತಿಳಿನೀಲಿ ತುಂಬಿದ, ನಾನು ಕನ್ನಡಕ ಏರಿಸಿ ನೋಡಿ ‘ಚೆನ್ನಾಗಿದೆ’ ಎಂದೆ. ನಕ್ಷೆಯ ಅಡಿಯ ಪಟ್ಟಿಯಲ್ಲಿ ನೀಲಿ ಎಂದರೆ ‘ಶುದ್ಧ ಗಾಳಿ’, ಬೂದು ಎಂದರೆ ‘ಮಾಹಿತಿ ಇಲ್ಲ’. ಮೋಡ ಮುಸುಕಿ ಉಪಗ್ರಹಕ್ಕೆ ಏನೂ ಕಾಣದ ಘಟ್ಟವನ್ನು ನಾವು ಶುದ್ಧವೆಂದು ಸಾರಿಬಿಟ್ಟಿದ್ದೆವು. ಆ ಸಂಚಿಕೆಯನ್ನು ಮೆಚ್ಚಿ ಬಂದ ಪತ್ರಗಳು ಹಲವು, ತಪ್ಪು ಹಿಡಿದದ್ದು ಒಂದೇ ಒಂದು. ಅಂದಿನಿಂದ ಬಣ್ಣದ ನಕ್ಷೆ ಕಂಡರೆ ನಾನು ಮೊದಲು ಹುಡುಕುವುದು ಬೂದನ್ನು.

2014–15ರಲ್ಲಿ ಐಸ್‌ಲ್ಯಾಂಡಿನ ಹೊಲುಹ್ರೌನ್‌ನಲ್ಲಿ ಜ್ವಾಲಾಮುಖಿ ಬಿರುಕು ತಿಂಗಳುಗಟ್ಟಲೆ ಗಂಧಕದ ಅನಿಲ ಕಕ್ಕಿದಾಗ ನಿಸರ್ಗವೇ ಒಂದು ಪ್ರಯೋಗ ನಡೆಸಿಕೊಟ್ಟಿತು. ಮೋಡದ ಹನಿಗಳು ಚಿಕ್ಕದಾದದ್ದು ಉಪಗ್ರಹಕ್ಕೆ ಸ್ಪಷ್ಟವಾಗಿ ಕಂಡಿತು. ಮೋಡದ ಒಟ್ಟು ನೀರು ಮಾತ್ರ ಹೆಚ್ಚಿದಂತೆ ಕಾಣಲಿಲ್ಲ. ಹೆಚ್ಚುತ್ತದೆ ಎಂದ ಕೆಲವು ಕಂಪ್ಯೂಟರ್ ಹವಾಮಾನ ಮಾದರಿಗಳು ಅಲ್ಲಿ ಮುಖಭಂಗ ಅನುಭವಿಸಿದವು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಕಣ-ಮೋಡಗಳ ಒಟ್ಟು ಪರಿಣಾಮವನ್ನು ಚದರ ಮೀಟರಿಗೆ ಮೈನಸ್ 1.0 ವಾಟ್ (ಮೈನಸ್ ಎಂದರೆ ಭೂಮಿಯನ್ನು ತಂಪಾಗಿಸುವುದು) ಎಂದು ಬರೆದು, ಅದು ಮೈನಸ್ 1.7ರಿಂದ ಮೈನಸ್ 0.3ರ ನಡುವೆ ಎಲ್ಲಿಯಾದರೂ ಇರಬಹುದೆಂದು ಸೇರಿಸಿತು. ತಾವು ಅಡ್ಡಗೋಡೆಯ ದೀಪ ಎಂದದ್ದು ಈ ಎರಡನೆಯ ಭಾಗವನ್ನು. ನನಗೆ ಅದು ಇಡೀ ವಾಕ್ಯದ ಪ್ರಾಮಾಣಿಕ ಭಾಗ. ನಮ್ಮ ಪತ್ರಿಕಾ ಬಂಧುಗಳು ಜಾಗವಿಲ್ಲವೆಂದು ಮೊದಲು ಕತ್ತರಿಸುವುದೂ ಅದನ್ನೇ.

ನನ್ನ ಪಕ್ಷಪಾತ ಮೋಡದೊಳಕ್ಕೇ ಹೋಗಿ ಅಳೆಯುವವರ ಕಡೆಗೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2009ರಿಂದ ಕೈಪೀಕ್ಸ್ ಯೋಜನೆಯಡಿ ವಿಮಾನದಲ್ಲಿ ಮೋಡಗಳನ್ನು ಹೊಕ್ಕು ಹನಿ ಎಣಿಸಿದ್ದಾರೆ. ಸೊಲ್ಲಾಪುರದ ಸುತ್ತ ಮೋಡಬಿತ್ತನೆಯನ್ನು ಪರೀಕ್ಷಿಸಿದಾಗ ಯಾವ ಮೋಡಕ್ಕೆ ಬಿತ್ತುವುದು, ಯಾವುದನ್ನು ಬಿಡುವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಎರಡನ್ನೂ ಹೋಲಿಸಿದರು. 2017ರಲ್ಲಿ ನಮ್ಮ ಸರ್ಕಾರ ‘ವರ್ಷಧಾರೆ’ ಎಂಬ ಮೋಡಬಿತ್ತನೆ ನಡೆಸಿದಾಗ ಎಲ್ಲೆಡೆ ಕೇಳಿಬಂದದ್ದು ‘ಮಳೆ ಬಂತೇ’ ಎಂಬ ಪ್ರಶ್ನೆ. ಬಿತ್ತದಿದ್ದರೆ ಬರುತ್ತಿರಲಿಲ್ಲವೇ ಎಂದು ಕೇಳಿದವರನ್ನು ಅಪಶಕುನ ನುಡಿದವರಂತೆ ನೋಡಲಾಯಿತು. ಉಡಾವಣೆಯ ದಿನ ಚಪ್ಪಾಳೆ ತಟ್ಟುವ ನಾವು, ಆ ಉಪಗ್ರಹದ ಅಂಕಿಗಳನ್ನು ನೆಲದ ಮೇಲೆ ಕುಳಿತು ತಾಳೆ ನೋಡುವವರ ಹೆಸರನ್ನೂ ಕೇಳಿರುವುದಿಲ್ಲ.

ತಮ್ಮ ಸಲಹೆಯನ್ನು ಒಪ್ಪಿದ್ದೇನೆ. ಮುಂದಿನ ತಿಂಗಳಿನಿಂದ ನಕ್ಷೆ ಬರುತ್ತದೆ, ಬೂದು ಬೂದಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಶಿರಸಿ ಅದರಲ್ಲಿ ಕಾಣಿಸದಿದ್ದರೆ ದಯವಿಟ್ಟು ಮುದ್ರಣದೋಷವೆಂದು ಪತ್ರ ಬರೆಯಬೇಡಿ.

— ಸಂಪಾದಕ